ಏರ್‌ಲೆಸ್ ಸ್ಪ್ರೇಯರ್ ಬಣ್ಣ ಎಳೆಯುತ್ತಿಲ್ಲ, ಎಳೆದರೂ ಪಟ್ಟೆ ಬೀಳುತ್ತಿದೆ. ಎಲ್ಲಿಂದ ನೋಡಬೇಕು?

ಹಾಸನ ಪೇಂಟ್ ವರ್ಕ್ಸ್

ಎಲ್ಲರಿಗೂ ನಮಸ್ಕಾರ. ಕೆಲಸ ಬಿಡುತ್ತಿದ್ದ ಒಬ್ಬ ಕಂಟ್ರಾಕ್ಟರ್ ಹತ್ತಿರ ಎಲೆಕ್ಟ್ರಿಕ್ ಏರ್‌ಲೆಸ್ ಸ್ಪ್ರೇಯರ್ ತಗೊಂಡಿದ್ದೇನೆ, ಗಾಳಿ ಬೆರೆಸದೆ ಬರೀ ಪ್ರೆಷರಿನಲ್ಲೇ ಬಣ್ಣ ಹೊಡೆಯುವಂಥದ್ದು. ಪಿಸ್ಟನ್ ಪಂಪಿನದು, ಪ್ರೆಷರ್ 3000 ಪಿಎಸ್‌ಐ ಎಂದು ಮೈಮೇಲೆ ಬರೆದಿದೆ. ಮಳೆಗಾಲ ಪೂರ್ತಿ ಅವರ ಗೋಡೌನಿನಲ್ಲಿ ಸುಮ್ನೆ ಬಿದ್ದಿತ್ತಂತೆ. ಈಗ ಸ್ವಿಚ್ ಹಾಕಿದರೆ ಮೋಟಾರ್ ಚೆನ್ನಾಗಿ ಓಡುತ್ತದೆ, ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ, ಆದರೆ ಬಕೆಟಿನಿಂದ ಬಣ್ಣ ಮೇಲೇರುವುದೇ ಇಲ್ಲ. ಒಮ್ಮೊಮ್ಮೆ ಏರಿದರೆ ಗನ್ನಿನಿಂದ ನಡುವೆ ತೆಳು, ಎರಡೂ ಅಂಚಲ್ಲಿ ದಪ್ಪ ಪಟ್ಟೆ. ಗೋಡೆ ನೋಡಲು ಆಗುತ್ತಿಲ್ಲ. ದಸರಾಕ್ಕೆ ಮುಂಚೆ ಒಂದು ದೊಡ್ಡ ಮನೆ ಮುಗಿಸಿಕೊಡಬೇಕು. ರಿಪೇರಿಗೆ ಕೇಳಿದ ಕಡೆ ಒಂದೇ ಮಾತು, ಪಂಪ್ ಸೆಟ್ ಪೂರ್ತಿ ಬದಲಾಯಿಸಿ ಅಂತ. ಅದಕ್ಕೆ ಹೇಳುವ ರೇಟ್ ಕೇಳಿದರೆ ಇನ್ನೊಂದು ಹಳೇ ಮಷಿನ್ನೇ ಬರುತ್ತದೆ. ನಿಜವಾಗಿಯೂ ಪಂಪೇ ಹೋಗಿದೆಯಾ, ಇಲ್ಲಾ ನಾವೇ ನೋಡಿ ಸರಿಮಾಡಬಹುದಾ?

ಪೀಣ್ಯ ಫಿಟ್ಟರ್

ಪಂಪ್ ಬಿಚ್ಚಬೇಡಿ. ಇನ್ನೂ ಬಿಚ್ಚಬೇಡಿ. ರಿಪೇರಿಗೆ ಬರುವ ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ಪಂಪ್ ಹೋಗಿರುವುದಿಲ್ಲ, ಬಣ್ಣದ ದಾರಿ ಎಲ್ಲೋ ಕಟ್ಟಿರುತ್ತದೆ ಅಥವಾ ಎಲ್ಲೋ ಗಾಳಿ ನುಗ್ಗುತ್ತಿರುತ್ತದೆ. ಬಕೆಟಿನಿಂದ ಹಿಡಿದು ಗನ್ನಿನ ತುದಿಯ ಟಿಪ್‌ವರೆಗೆ ಬಣ್ಣ ಹೋಗುವ ದಾರಿಯಲ್ಲೇ ನೀವೂ ಹೋಗಿ. ಮಧ್ಯದಿಂದ ಶುರು ಮಾಡಿದರೆ ಸುಮ್ನೆ ದುಡ್ಡು ಹಾಳು.

ಮೊದಲು ಬಕೆಟಿನೊಳಗಿನ ಜಾಲರಿ. ಸಕ್ಷನ್ ಪೈಪಿನ ತುದಿಯಲ್ಲಿ ಇರುತ್ತದಲ್ಲ, ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತುಗಳು ಕಾಣದಿದ್ದರೆ ಅಲ್ಲೇ ಅರ್ಧ ಕಥೆ ಮುಗಿಯಿತು. ಆಮೇಲೆ ಸಕ್ಷನ್ ಪೈಪ್ ಪಂಪಿಗೆ ಸೇರುವ ಜಾಯಿಂಟ್. ಅಲ್ಲಿನ ಓ-ರಿಂಗ್ ಒಣಗಿ ಸೀಳಿದ್ದರೆ ಬಣ್ಣದ ಬದಲು ಗಾಳಿ ಎಳೆಯುತ್ತದೆ. ಗೊತ್ತಾಗುವುದು ಹೇಗೆ ಅಂದರೆ, ಬಕೆಟಿನಲ್ಲಿ ನೀರಿಟ್ಟು ಪ್ರೈಮ್ ಮೋಡಿನಲ್ಲಿ (ಗನ್ನಿಗೆ ಹೋಗದೆ ಬಕೆಟಿಗೇ ವಾಪಸ್ ಬರುವಂತೆ) ಓಡಿಸಿ, ವಾಪಸ್ ಬರುವ ಸಣ್ಣ ಪೈಪಿನ ತುದಿಯನ್ನು ನೀರೊಳಗೆ ಮುಳುಗಿಸಿ. ಶುರುವಿನಲ್ಲಿ ಗುಳ್ಳೆ ಬಂದು ನಿಂತರೆ ಸರಿ. ಬರುತ್ತಲೇ ಇದ್ದರೆ ಗಾಳಿ ಎಳೆಯುತ್ತಿದೆ. ಜಾಯಿಂಟಿನ ಸುತ್ತ ದಪ್ಪಗೆ ಗ್ರೀಸ್ ಬಳಿದು ಮತ್ತೆ ನೋಡಿ, ಗುಳ್ಳೆ ನಿಂತರೆ ಕಳ್ಳ ಸಿಕ್ಕಿದ.

ಮೂರನೆಯದು ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು: ಇನ್‌ಲೆಟ್ ಬಾಲ್. ಪಂಪಿನ ತಳದಲ್ಲಿ ಒಂದು ಸ್ಟೀಲ್ ಗುಂಡು ಸೀಟಿನ ಮೇಲೆ ಕೂತಿರುತ್ತದೆ. ಪಿಸ್ಟನ್ ಮೇಲೆ ಹೋದಾಗ ಗುಂಡು ಎದ್ದು ಬಣ್ಣ ಒಳಗೆ ಬಿಡುತ್ತದೆ, ಕೆಳಗೆ ಬಂದಾಗ ಕೂತು ಬಾಯಿ ಮುಚ್ಚುತ್ತದೆ. ತೊಳೆದರೂ ಉಳಿದ ಒಂದು ತೆಳು ಪದರ ಬಣ್ಣ ಸಾಕು, ತಿಂಗಳುಗಟ್ಟಲೆ ಇಟ್ಟರೆ ಗುಂಡು ಸೀಟಿಗೆ ಅಂಟಿಕೊಳ್ಳುತ್ತದೆ. ಆಗ ಮೋಟಾರ್ ಓಡುತ್ತದೆ, ಪಿಸ್ಟನ್ ಆಡುತ್ತದೆ, ಬಣ್ಣ ಮಾತ್ರ ಏರುವುದಿಲ್ಲ. ನೀವು ಬರೆದಿರುವುದು ಅದೇ ಅಲ್ವಾ? ಮಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಪ್ರೆಷರ್ ಪೂರ್ತಿ ಇಳಿಸಿ. ಸಕ್ಷನ್ ಪೈಪ್ ಬಿಚ್ಚಿ ಕೆಳಗಿನಿಂದ ಪೆನ್ಸಿಲ್ ಅಥವಾ ಮರದ ಕಡ್ಡಿಯಲ್ಲಿ ಗುಂಡನ್ನು ಮೇಲಕ್ಕೆ ಒತ್ತಿ. ಟಕ್ ಎಂದು ಬಿಡುವುದು ಕೈಗೇ ಗೊತ್ತಾಗುತ್ತದೆ. ಸ್ಕ್ರೂಡ್ರೈವರ್ ಬೇಡ, ಸೀಟಿಗೆ ಗೀರು ಬಿದ್ದರೆ ಆಮೇಲೆ ಅದು ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಕೆಲವು ಮಷಿನ್‌ಗಳಲ್ಲಿ ಇದಕ್ಕಂತಲೇ ಹೊರಗಡೆ ಒಂದು ಬಟನ್ ಇರುತ್ತದೆ, ನಿಮ್ಮದರಲ್ಲಿ ಇದೆಯಾ ನೋಡಿ.

ಇಷ್ಟು ಮಾಡಿ ಬರೆಯಿರಿ. ಪಟ್ಟೆಯ ವಿಷಯ ಆಮೇಲೆ.

ಇಂಟೀರಿಯರ್ ಮೈಸೂರು

ಜೊತೆಗೆ ಕರೆಂಟನ್ನೂ ನೋಡಿ. ನಮ್ಮ ಸೈಟುಗಳಲ್ಲಿ ಅರ್ಧ ತೊಂದರೆ ಅಲ್ಲೇ ಇರುತ್ತದೆ. ಟೆಂಪರರಿ ಕನೆಕ್ಷನ್ನು, ಅದಕ್ಕೆ ಉದ್ದುದ್ದ ತೆಳು ವೈರು, ಅದೂ ಸುತ್ತಿದ ಸುರುಳಿ ಬಿಚ್ಚದೇ ಹಾಗೇ ನೆಲದ ಮೇಲೆ. ವೋಲ್ಟೇಜ್ ಇಳಿದು ಮೋಟಾರ್ ಬಿಸಿಯಾಗಿ ತಾನಾಗೇ ನಿಲ್ಲುತ್ತದೆ, ಎಲ್ಲರೂ ಮಷಿನ್ ಕೆಟ್ಟಿತು ಅಂದುಕೊಳ್ಳುತ್ತಾರೆ. ವೈರ್ ಉದ್ದ ಮಾಡುವ ಬದಲು ಬಣ್ಣದ ಹೋಸ್ ಉದ್ದ ಮಾಡಿ, ಮಷಿನ್ ಪ್ಲಗ್ಗಿನ ಹತ್ತಿರವೇ ಇರಲಿ. ವೈರ್ ಎಳೆಯಲೇಬೇಕು ಅಂದರೆ 2.5 ಸ್ಕ್ವೇರ್ ಎಂಎಂ ತಗೊಳ್ಳಿ, ಅರ್ತಿಂಗ್ ಇರುವ ಮೂರು ಪಿನ್ನಿನದು, ಪೂರ್ತಿ ಬಿಚ್ಚಿ ಹಾಸಿ.

ಹಾಸನ ಪೇಂಟ್ ವರ್ಕ್ಸ್

ಫಿಟ್ಟರ್ ಅಣ್ಣ, ನೀವು ಹೇಳಿದ್ದೇ ಸರಿ. ಗುಂಡು ಅಂಟಿತ್ತು. ಪೆನ್ಸಿಲ್ ಒತ್ತಿದ ತಕ್ಷಣ ಬಿಟ್ಟಿತು. ಜಾಲರಿಯಲ್ಲಿ ಹಳೇ ಎಮಲ್ಷನ್ನಿನ ಕೆನೆ ಹಪ್ಪಳದಂತೆ ಒಣಗಿ ಕೂತಿತ್ತು, ಅದನ್ನೂ ತೆಗೆದೆ. ಓ-ರಿಂಗ್ ಹೊಸದು ಹಾಕಿದೆ. ಈಗ ನೀರು ಒಳ್ಳೇ ಎಳೆಯುತ್ತಿದೆ, ಗುಳ್ಳೆ ಇಲ್ಲ. ಆದರೆ ಬಣ್ಣ ಹಾಕಿದರೆ ಪಟ್ಟೆ ಹಾಗೇ ಇದೆ. ಪ್ರೆಷರ್ ಪೂರ್ತಿ ಏರಿಸಿದರೂ ಅಂಚಿನ ಗೆರೆ ಹೋಗುತ್ತಿಲ್ಲ.

ಪೀಣ್ಯ ಫಿಟ್ಟರ್

ಒಳ್ಳೇದು. ಇನ್ನು ದಾರಿಯ ಮುಂದಿನ ಭಾಗ.

ಟಿಪ್ ಮೇಲಿನ ನಂಬರ್ ಓದಿ. ಮೂರು ಅಂಕಿ ಇರುತ್ತದೆ, ಉದಾಹರಣೆಗೆ 517. ಮೊದಲ ಅಂಕಿಯನ್ನು ಎರಡರಿಂದ ಗುಣಿಸಿದರೆ ಗೋಡೆಯಿಂದ ಒಂದಡಿ ದೂರದಲ್ಲಿ ಬಣ್ಣ ಎಷ್ಟು ಇಂಚು ಅಗಲ ಬೀಳುತ್ತದೆ ಅಂತ, 517ಕ್ಕೆ 10 ಇಂಚು. ಕೊನೆಯ ಎರಡು ಅಂಕಿ ತೂತಿನ ಅಳತೆ, ಇಂಚಿನ ಸಾವಿರದಲ್ಲಿ 17 ಭಾಗ. ಈಗ ಗೋಡೆ ಬಿಟ್ಟು ದೊಡ್ಡ ರಟ್ಟಿನ ಮೇಲೆ ಒಂದಡಿ ದೂರದಿಂದ ಒಂದೇ ಸಲ ಹೊಡೆದು ಅಗಲ ಅಳೆಯಿರಿ. 10 ಇಂಚು ಬರಬೇಕಾದ ಕಡೆ 7.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಟಿಪ್ ಸವೆದಿದೆ, ಎಸೆಯಿರಿ. ಸವೆದ ಟಿಪ್ಪಿನ ತೂತು ದೊಡ್ಡದಾಗಿ ದುಂಡಗಾಗುತ್ತದೆ, ಅಗಲ ಕಮ್ಮಿ, ಬಣ್ಣ ಜಾಸ್ತಿ. ಟಿಪ್ ಉಳಿಸಲು ಹೋಗಿ ಡಬ್ಬಗಟ್ಟಲೆ ಬಣ್ಣ ಕಳೆಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದೂ ಅಲ್ಲದೆ ತೂತು ದೊಡ್ಡದಾದಷ್ಟೂ ಪಂಪ್ ಪ್ರೆಷರ್ ಹಿಡಿದಿಡಲು ಒದ್ದಾಡುತ್ತದೆ. ಆಗ ಅಂಚಿನಲ್ಲಿ ಪಟ್ಟೆ ಬೀಳುತ್ತದೆ. ನೀವು ಪ್ರೆಷರ್ ಏರಿಸುತ್ತೀರಿ, ಟಿಪ್ ಇನ್ನೂ ಬೇಗ ಸವೆಯುತ್ತದೆ.

ಟಿಪ್ ಸರಿ ಇದ್ದರೆ ಎರಡು ಫಿಲ್ಟರ್ ನೋಡಿ. ಒಂದು ಪಂಪಿನ ಪಕ್ಕದ ಮ್ಯಾನಿಫೋಲ್ಡಿನಲ್ಲಿ, ಇನ್ನೊಂದು ಗನ್ನಿನ ಹಿಡಿಯೊಳಗೆ. ಹಿಡಿಯೊಳಗಿನದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಎಮಲ್ಷನ್ನಿಗೆ 60 ಮೆಶ್, ಎನಾಮೆಲ್, ವಾರ್ನಿಷಿಗೆ 100 (ನಂಬರ್ ಜಾಸ್ತಿಯಾದಷ್ಟೂ ಜಾಲರಿಯ ತೂತು ಸಣ್ಣ). ಫಿಲ್ಟರಿನ ಬಣ್ಣ ನೋಡಿ ತಗೋಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಇಟ್ಟಿರುತ್ತದೆ, ಮೆಶ್ ನಂಬರ್ ಕೇಳಿ ತಗೊಳ್ಳಿ. 100 ಮೆಶ್ಶಿನಲ್ಲಿ ದಪ್ಪ ಎಮಲ್ಷನ್ ಹೊಡೆದರೆ ನೀವು ಹೇಳಿದ ಪಟ್ಟೆಯೇ ಬೀಳುತ್ತದೆ.

ಪ್ರೆಷರ್ ಯಾವಾಗಲೂ ಕೆಳಗಿನಿಂದ ಏರಿಸಿ. ಪಟ್ಟೆ ಮಾಯವಾದ ಜಾಗದಲ್ಲಿ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಬಣ್ಣ ಮಂಜಾಗಿ ಗಾಳಿಯಲ್ಲಿ ಹೋಗುತ್ತದೆ, ಅಷ್ಟೇ.

ದಾವಣಗೆರೆ ಬಣ್ಣದಂಗಡಿ

ಬಣ್ಣ ಮಾರುವವನಾಗಿ ನಾನೂ ಎರಡು ಮಾತು ಹೇಳುತ್ತೇನೆ. ಬಣ್ಣವನ್ನು ಸೋಸದೆ ಮಷಿನ್ನಿಗೆ ಹಾಕಲೇಬೇಡಿ, ಹೊಸ ಡಬ್ಬ ಆದರೂ ಸರಿ. ಡಬ್ಬದ ಮುಚ್ಚಳದ ಅಂಚಿನಲ್ಲಿ ಒಣಗಿದ ಚೂರುಗಳು ತೆಗೆಯುವಾಗಲೇ ಒಳಗೆ ಬೀಳುತ್ತವೆ. ಎಷ್ಟೋ ಮೇಸ್ತ್ರಿಗಳು ಹಳೇ ಪಂಚೆಯಲ್ಲಿ ಸೋಸುತ್ತಾರೆ. ಹತ್ತಿ ಬಟ್ಟೆ ಬೇಡ. ಅದರ ನೂಲೆಳೆ ಬಿಟ್ಟು ಬಂದು ಟಿಪ್ಪಿನ ತೂತಿನಲ್ಲಿ ಅಡ್ಡ ಕೂರುತ್ತದೆ, ಆಮೇಲೆ ಬಣ್ಣದಲ್ಲಿ ಕಸ ಅಂತ ನಮ್ಮನ್ನು ಬೈಯುತ್ತೀರಿ. ನೈಲಾನ್ ಬಲೆ ಅಥವಾ ಹಳೇ ನೈಲಾನ್ ಸೀರೆಯ ತುಂಡು ಚೆನ್ನಾಗಿರುತ್ತದೆ. ಬಕೆಟಿನ ಬಾಯಿಗೆ ಸಡಿಲವಾಗಿ ಕಟ್ಟಿ ನಿಧಾನಕ್ಕೆ ಸುರಿಯಿರಿ, ಉಳಿದ ಗಂಟುಗಳನ್ನು ಬೆರಳಲ್ಲಿ ತಿಕ್ಕಿ ಇಳಿಸಲು ಹೋಗಬೇಡಿ, ಎಸೆದುಬಿಡಿ.

ತೆಳು ಮಾಡುವುದು ಡಬ್ಬದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ. ರೋಲರಿಗೆ ಕಲಸಿದಂತೆ ನೀರು ಸುರಿದು ಏರ್‌ಲೆಸ್‌ನಲ್ಲಿ ಹೊಡೆದರೆ ಗೋಡೆಯ ಮೇಲೆ ಇಳಿಯುತ್ತದೆ.

ಇನ್ನೊಂದು: ವೈಟ್ ಸಿಮೆಂಟ್ ಇರುವ ಪುಟ್ಟಿ, ಸಿಮೆಂಟ್ ಪೇಂಟ್ ಯಾವುದನ್ನೂ ಈ ಸಣ್ಣ ಮಷಿನ್ನಿಗೆ ಹಾಕಬೇಡಿ. ಒಳಗೆ ಗಟ್ಟಿಯಾದರೆ ಯಾವ ಥಿನ್ನರ್‌ಗೂ ಕರಗುವುದಿಲ್ಲ. ಅದರ ಹರಳು ಪಂಪಿನ ಪ್ಯಾಕಿಂಗ್ (ಸೋರದಂತೆ ತಡೆಯುವ ರಿಂಗುಗಳು) ತಿಂದುಹಾಕುತ್ತದೆ. ಗ್ರಾಹಕರು "ಹೇಗೂ ಮಷಿನ್ ಇದೆ, ಪುಟ್ಟಿಯನ್ನೂ ಹೊಡೆದುಬಿಡಿ" ಅನ್ನುತ್ತಾರೆ. ಒಪ್ಪಿಕೊಳ್ಳಬೇಡಿ.

ತೀರ್ಥಹಳ್ಳಿ ತೋಟ

ನಡುವೆ ಒಂದು ಪ್ರಶ್ನೆ. ನಮ್ಮ ಮನೆ, ಕೊಟ್ಟಿಗೆ ಎಲ್ಲಾ ಸುಣ್ಣದ ಗೋಡೆ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಹೊಡೆಯುವ ಗಟಾರ್ ಕೈಪಂಪ್ ಮನೆಯಲ್ಲಿದೆ. ಅದರಲ್ಲೇ ಸುಣ್ಣ ಹೊಡೆಯಬಹುದಾ? ಬೋರ್ಡೋದಲ್ಲೂ ನೂರು ಲೀಟರಿಗೆ ಒಂದು ಕೆಜಿ ಸುಣ್ಣ ಇದ್ದೇ ಇರುತ್ತದಲ್ವಾ?

ದಾವಣಗೆರೆ ಬಣ್ಣದಂಗಡಿ

ಹೊಡೆಯಬಹುದು, ಆದರೆ ಪಂಪಿನಲ್ಲಿ ಮೈಲುತುತ್ತದ ಒಂದು ಹನಿಯೂ ಉಳಿದಿರಬಾರದು, ಬಿಳಿ ಗೋಡೆಯ ಮೇಲೆ ನೀಲಿ ಹಸಿರು ಕಲೆ ಕಾಣುತ್ತದೆ. ಬೋರ್ಡೋದಲ್ಲಿ ಸುಣ್ಣ ಬಹಳ ತೆಳು. ಗೋಡೆ ಸುಣ್ಣ ಅದಕ್ಕಿಂತ ಎಷ್ಟೋ ದಪ್ಪ, ಹಾಗಾಗಿ ದೊಡ್ಡ ತೂತಿನ ನಾಜಲ್ ಬೇಕು, ಒಂದು ದಿನ ಮೊದಲೇ ನೆನೆಸಿ ಚೆನ್ನಾಗಿ ಸೋಸಿರಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಸುಣ್ಣ ಕಣ್ಣನ್ನು ಸುಡುತ್ತದೆ. ಮುಗಿದ ಕೂಡಲೇ ನೀರು ಓಡಿಸಿ. ಹಿತ್ತಾಳೆ ನಾಜಲಿನಲ್ಲಿ ಸುಣ್ಣ ಕಟ್ಟಿದರೆ ಹುಣಸೆ ನೀರಿನಲ್ಲಿ ನೆನೆಹಾಕಿ, ಬಿಡುತ್ತದೆ.

ಅಂದ ಹಾಗೆ ಸ್ಪ್ರೇ ಪೇಂಟಿಂಗ್ ಶುರುವಾಗಿದ್ದೇ ಸುಣ್ಣ ಹೊಡೆಯುವ ಕೈಪಂಪಿನಿಂದ ಎನ್ನುತ್ತಾರೆ. 1880ರ ದಶಕದಲ್ಲಿ ಷಿಕಾಗೋದಲ್ಲಿ ಜೋಸೆಫ್ ಬಿಂಕ್ಸ್ ಎಂಬಾತ ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಗೆ ಸುಣ್ಣ ಹೊಡೆಯಲು ಅಂಥದೊಂದು ಯಂತ್ರ ಮಾಡಿದ. ಅದೇ ಊರಿನ 1893ರ ವಿಶ್ವಮೇಳದ ಬಿಳಿ ಕಟ್ಟಡಗಳಿಗೂ ಸ್ಪ್ರೇಯಲ್ಲೇ ಬಣ್ಣ ಹೊಡೆದಿದ್ದರು. ಆ ಮೇಳದ ಜೊತೆಗೇ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾತಾಡಿದ್ದು. ನಿಮ್ಮ ಗಟಾರ್ ಪಂಪ್ ಆ ಮೊದಲ ಯಂತ್ರಕ್ಕೆ ಹತ್ತಿರದ ನೆಂಟ.

ಸೈಟ್ ಸೇಫ್ಟಿ ಹುಬ್ಬಳ್ಳಿ

ಇಷ್ಟೆಲ್ಲ ಬರೆದಿದ್ದೀರಿ, ಒಂದು ವಿಷಯ ಯಾರೂ ಬಿಡಿಸಿ ಹೇಳಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ದಯವಿಟ್ಟು ನಿಮ್ಮ ಹುಡುಗರಿಗೂ ಓದಿ ಹೇಳಿ.

ಕಾರಿನ ಟೈರಿನಲ್ಲಿ ಇರುವುದು 30 ಪಿಎಸ್‌ಐ ಆಸುಪಾಸು. ಇದು 3000. ಆ ಪ್ರೆಷರಿನಲ್ಲಿ ಟಿಪ್ಪಿನಿಂದ ಬರುವ ಬಣ್ಣ ಚರ್ಮವನ್ನು ತೂತು ಮಾಡಿ ಒಳಗೆ ಹೋಗುತ್ತದೆ. ಟಿಪ್ ಕಟ್ಟಿತು ಅಂತ ಬೆರಳಲ್ಲಿ ಒರೆಸುತ್ತಾರಲ್ಲ, ಅಲ್ಲೇ ಆಗುವುದು. ಹೋಸಿನಲ್ಲಿ ಸಣ್ಣ ಸೋರಿಕೆ ಕಂಡರೆ ಕೈಯಲ್ಲಿ ಮುಚ್ಚುತ್ತಾರಲ್ಲ, ಅಲ್ಲೂ ಅಷ್ಟೇ. ಒಂದು ಸೈಟಿನಲ್ಲಿ ಒಬ್ಬ ಹುಡುಗನ ತೋರುಬೆರಳಿಗೆ ಹೀಗಾಗಿದ್ದನ್ನು ನೋಡಿದ್ದೇನೆ. ಮೊದಲು ಸೂಜಿ ಚುಚ್ಚಿದಷ್ಟು ಒಂದು ಚುಕ್ಕೆ, ರಕ್ತವೂ ಇಲ್ಲ, ನೋವೂ ಅಷ್ಟಿಲ್ಲ. ಅವನು ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ನಿಂತಿದ್ದ. ಸಂಜೆಯೊಳಗೆ ಬೆರಳು ಊದಿ ಬಣ್ಣ ತಿರುಗಿತ್ತು. ಒಳಗೆ ಬಣ್ಣ ಬೆರಳಿನ ನರ, ಸ್ನಾಯುರಜ್ಜುಗಳ ಉದ್ದಕ್ಕೂ ಹರಡಿರುತ್ತದೆ. ಆಪರೇಷನ್ ಮಾಡಿ ತೆಗೆಯಬೇಕು. ತಡವಾದಷ್ಟೂ ಬೆರಳು ಉಳಿಯುವುದು ಕಷ್ಟ. ಥಿನ್ನರ್ ಬಣ್ಣವಾದರೆ ಇನ್ನೂ ಕೆಟ್ಟದ್ದು.

ಹೀಗಾದರೆ ತಕ್ಷಣ ಕೈ ಶಸ್ತ್ರಚಿಕಿತ್ಸೆ ಅಥವಾ ಪ್ಲಾಸ್ಟಿಕ್ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. "ಗಾಯ ಆಗಿದೆ" ಅನ್ನಬೇಡಿ, "ಹೈ ಪ್ರೆಷರ್ ಪೇಂಟ್ ಚರ್ಮದೊಳಗೆ ಹೋಗಿದೆ, ಇಂಜೆಕ್ಷನ್ ಇಂಜುರಿ" ಎಂದೇ ಹೇಳಿ. ಬಣ್ಣದ ಡಬ್ಬದ ಲೇಬಲ್ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಅದು ಬೇಕು.

ಟಿಪ್ ಮುಟ್ಟುವ ಮುಂಚೆ, ಫಿಲ್ಟರ್ ತೆಗೆಯುವ ಮುಂಚೆ, ಊಟಕ್ಕೆ ಹೋಗುವ ಮುಂಚೆಯೂ ಪ್ರತಿ ಸಲ ಒಂದೇ ಕ್ರಮ: ಗನ್ ಲಾಕ್ ಹಾಕಿ, ಸ್ವಿಚ್ ಆಫ್, ಪ್ಲಗ್ ತೆಗೆಯಿರಿ, ಪ್ರೆಷರ್ ನಾಬ್ ಸೊನ್ನೆಗೆ, ಲಾಕ್ ಬಿಡಿಸಿ ಬಕೆಟಿನೊಳಗೆ ಟ್ರಿಗರ್ ಒತ್ತಿ ಹೋಸ್ ಖಾಲಿ ಮಾಡಿ, ಪ್ರೈಮ್ ವಾಲ್ವ್ ತೆರೆದು, ಮತ್ತೆ ಲಾಕ್. ಆಫ್ ಮಾಡಿದ ಮಾತ್ರಕ್ಕೆ ಹೋಸಿನಲ್ಲಿನ ಪ್ರೆಷರ್ ಹೋಗುವುದಿಲ್ಲ.

ಥಿನ್ನರ್ ಬಣ್ಣ ಹೊಡೆಯುವಾಗ ಮಷಿನ್ ಹೊರಗೆ ಇಟ್ಟು ಹೋಸ್ ಮಾತ್ರ ಒಳಗೆ ತಗೊಂಡು ಹೋಗಿ, ಬಕೆಟ್ ಲೋಹದ್ದೇ ಇರಲಿ, ಬಕೆಟಿನೊಳಗೆ ಬಿಡುವಾಗ ಗನ್ನನ್ನು ಅದರ ಅಂಚಿಗೆ ಒತ್ತಿ ಹಿಡಿದು ಟ್ರಿಗರ್ ಒತ್ತಿ. ಇಲ್ಲದಿದ್ದರೆ ಥಿನ್ನರ್ ಆವಿ ಹೊತ್ತಿಕೊಳ್ಳಲು ಒಂದು ಸ್ಟ್ಯಾಟಿಕ್ ಕಿಡಿ ಸಾಕು.

ಪೀಣ್ಯ ಫಿಟ್ಟರ್

ಹುಬ್ಬಳ್ಳಿಯವರು ಹೇಳಿದ್ದು ನಾನು ಮೊದಲೇ ಬರೆಯಬೇಕಾದ ಮಾತು. ಟಿಪ್ ಕಟ್ಟಿದರೆ ಬೆರಳು ಬೇಡವೇ ಬೇಡ. ಈಗಿನ ಟಿಪ್‌ಗಳನ್ನು ಅರ್ಧ ಸುತ್ತು ತಿರುಗಿಸಬಹುದು. ಲಾಕ್ ಹಾಕಿ, ತಿರುಗಿಸಿ, ಲಾಕ್ ತೆಗೆದು ರಟ್ಟಿನ ಮೇಲೆ ಒಮ್ಮೆ ಒತ್ತಿ, ಕಸ ಹಾರಿಹೋಗುತ್ತದೆ, ಮತ್ತೆ ಲಾಕ್ ಹಾಕಿ ನೆಟ್ಟಗೆ ಮಾಡಿ. ಅದಕ್ಕೂ ಬಿಡದಿದ್ದರೆ ಪ್ರೆಷರ್ ಇಳಿಸಿ ಬಿಚ್ಚಿ ನೆನೆಹಾಕಿ. ಸೂಜಿ ಚುಚ್ಚಬೇಡಿ, ತೂತಿನ ಅಂಚು ಹಾಳಾಗುತ್ತದೆ.

ಉಡುಪಿ ಪಾಲಿಶ್

ನಾನು ಗೋಡೆ ಹೊಡೆಯುವವನಲ್ಲ, ಕಂಪ್ರೆಸರ್ ಗನ್ನಿನಲ್ಲಿ ಬಾಗಿಲು, ಕಪಾಟು ಪಾಲಿಶ್ ಮಾಡುವವನು. ಆದರೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ನಮ್ಮ ದೊಡ್ಡ ಶತ್ರು ನೀರು. ಗಾಳಿಯಲ್ಲಿನ ತೇವ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರಾಗಿ ಕೂರುತ್ತದೆ. ಮಳೆಗಾಲದಲ್ಲಿ ಸಂಜೆ ಟ್ಯಾಂಕಿನ ತಳದ ಕಾಕ್ ತೆರೆದರೆ ತುಕ್ಕಿನ ಬಣ್ಣದ ನೀರು ಲೋಟಗಟ್ಟಲೆ ಬರುತ್ತದೆ. ದಿನಾ ತೆರೆಯಬೇಕು. ಗಾಳಿಯ ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪನ್ನು ಕಂಪ್ರೆಸರಿಗೇ ಅಂಟಿಸಿ ಹಾಕಬೇಡಿ, ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಪೈಪಿನಲ್ಲಿ ಸ್ವಲ್ಪ ದೂರ ಹೋಗಿ ತಣ್ಣಗಾದ ಮೇಲೆ ಹಾಕಿದರೆ ಹಿಡಿಯುತ್ತದೆ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮಳೆಯಲ್ಲಿ ಬಿಳಿಚಿಕೊಂಡರೆ ಅದು ಗನ್ನಿನ ದೋಷವಲ್ಲ. ಥಿನ್ನರ್ ಬೇಗ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ನಿಧಾನ ಆರುವ ಥಿನ್ನರ್ ಅಥವಾ ರಿಟಾರ್ಡರ್ ಸ್ವಲ್ಪ ಹಾಕಿ, ಇಲ್ಲದಿದ್ದರೆ ಬಿಸಿಲು ಬರುವವರೆಗೆ ಕಾಯಿರಿ.

ಧಾರವಾಡ ಫ್ಯಾಬ್ರಿಕೇಷನ್

ಉಡುಪಿಯವರೇ, ನಮ್ಮ ಗೇಟ್ ಕೆಲಸದ ಗನ್ನಿನಲ್ಲಿ ಬಣ್ಣ ಒಂದೇ ಕಡೆ ಜಾಸ್ತಿ ಬೀಳುತ್ತದೆ, ನಡುವೆ ನಡುವೆ ಉಗುಳುತ್ತದೆ. ಮೇಲೆ ಕಪ್ ಇರುವ ಗನ್. ನಾಜಲ್ ಬದಲಾಯಿಸಬೇಕಾ?

ಉಡುಪಿ ಪಾಲಿಶ್

ಮೊದಲು ಗನ್ನಿನ ಮೂತಿಯ ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಹೊಡೆದು ನೋಡಿ. ದಪ್ಪ ಬೀಳುವ ಕಡೆ ಕೂಡ ತಿರುಗಿದರೆ ಕ್ಯಾಪಿನ ಕೊಂಬಿನ ತೂತು ಕಟ್ಟಿದೆ. ತಿರುಗದೆ ಅದೇ ಕಡೆ ಉಳಿದರೆ ನಾಜಲಿನಲ್ಲೇ ಕಸ ಅಥವಾ ಪೆಟ್ಟು. ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಗುತ್ತದೆ. ನಡುವೆ ಎರಡಾಗಿ ಸೀಳಿದಂತೆ ಬಿದ್ದರೆ ಗಾಳಿ ಜಾಸ್ತಿ ಅಥವಾ ಬಣ್ಣ ಬಹಳ ತೆಳು. ನಡುವೆ ಗುಡ್ಡೆಯಾದರೆ ಗಾಳಿ ಕಮ್ಮಿ ಅಥವಾ ಬಣ್ಣ ದಪ್ಪ.

ಉಗುಳುವುದಕ್ಕೆ ಮೊದಲು ಕಪ್ಪಿನ ಮುಚ್ಚಳದ ಸಣ್ಣ ತೂತು ನೋಡಿ. ಅದು ಕಟ್ಟಿದರೆ ಬಣ್ಣ ಕೆಳಗಿಳಿಯದೆ ಗನ್ ಉಸಿರುಕಟ್ಟುತ್ತದೆ. ಆಮೇಲೆ ನಾಜಲ್ ಬಿಗಿ ಇದೆಯಾ, ಸೂಜಿಯ ಹಿಂದಿನ ಪ್ಯಾಕಿಂಗ್ ಒಣಗಿದೆಯಾ ನೋಡಿ. ಪ್ಯಾಕಿಂಗಿಗೆ ಒಂದು ಹನಿ ಎಣ್ಣೆ ಬಿಡಿ, ಆದರೆ ಸಿಲಿಕೋನ್ ಇರುವ ಎಣ್ಣೆ ಬೇಡ. ಅದು ಬಣ್ಣಕ್ಕೆ ತಾಗಿದರೆ ಗೇಟಿನ ಮೇಲೆಲ್ಲಾ ಮೀನುಗಣ್ಣಿನಂಥ ಗುಳಿ ಬೀಳುತ್ತದೆ, ತಿಕ್ಕಿ ಮೊದಲಿಂದ ಹೊಡೆಯಬೇಕು. ಗನ್ನನ್ನು ಪೂರ್ತಿ ಥಿನ್ನರ್ ಡಬ್ಬದಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡುವ ಅಭ್ಯಾಸ ಎಲ್ಲ ಕಡೆ ಇದೆ, ಅದು ಕೆಟ್ಟದ್ದು. ಒಳಗಿನ ಸೀಲುಗಳೆಲ್ಲ ಒಣಗಿ ಹೋಗುತ್ತವೆ, ಕರಗಿದ ಕಸ ಗಾಳಿಯ ದಾರಿಗೆ ನುಗ್ಗುತ್ತದೆ. ಕ್ಯಾಪ್, ನಾಜಲ್ ಮಾತ್ರ ನೆನೆಸಿ. ತೂತಿಗೆ ಬಿದಿರಿನ ಕಡ್ಡಿ, ತಂತಿ ಅಲ್ಲ.

ಟೊರಾಂಟೊ ಕನ್ನಡಿಗ

ಇಲ್ಲಿ ಮನೆ ಪೇಂಟಿಂಗ್ ಕಂಪನಿ ನಡೆಸುತ್ತೇನೆ. ಎತ್ತಿಡುವ ಬಗ್ಗೆ ಬರೆಯುತ್ತೇನೆ, ಹಾಸನದವರ ತೊಂದರೆ ಶುರುವಾಗಿದ್ದೇ ಹಿಂದಿನವರು ಎತ್ತಿಟ್ಟ ರೀತಿಯಲ್ಲಿ. ನೀರಿನಲ್ಲಿ ತೊಳೆದು ಹಾಗೇ ಇಟ್ಟರೆ ಒಳಗೆ ಉಳಿದ ನೀರು ತುಕ್ಕು ಹಿಡಿಸುತ್ತದೆ, ಗುಂಡುಗಳು ಅಂಟುತ್ತವೆ. ನಮ್ಮಲ್ಲಂತೂ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಪಂಪ್ ಒಡೆದೇ ಹೋಗುತ್ತದೆ. ಎಮಲ್ಷನ್ ಹೊಡೆದ ಮೇಲೆ ಮೊದಲು ಹಿಂದಿನ ಸಲ ತೊಳೆದು ಉಳಿಸಿದ ಬಕೆಟ್ ನೀರು, ಆಮೇಲೆ ಬಿಳಿಯಾಗಿ ಬರುವುದು ನಿಲ್ಲುವವರೆಗೆ ಸ್ವಚ್ಛ ನೀರು, ಕೊನೆಗೆ ಪಂಪಿಗೆಂದೇ ಮಾರುವ ರಕ್ಷಣೆಯ ದ್ರವ. ಭಾರತದಲ್ಲಿ ಅದು ಸಿಗದಿದ್ದರೆ ಮಿನರಲ್ ಟರ್ಪಂಟೈನ್ ಸಾಕು. ಅದನ್ನು ಪಂಪಿನೊಳಗೇ ಉಳಿಸಿ ನೆಟ್ಟಗೆ ನಿಲ್ಲಿಸಿ ಇಡಿ. ಮತ್ತೆ ಎಮಲ್ಷನ್ ಹಾಕುವ ಮುಂಚೆ ಸೋಪಿನ ನೀರು, ಆಮೇಲೆ ಬರೀ ನೀರು ಓಡಿಸಲೇಬೇಕು. ಟರ್ಪಂಟೈನ್ ಉಳಿದಲ್ಲಿ ಎಮಲ್ಷನ್ ಹಾಲು ಒಡೆದ ಹಾಗೆ ಆಗುತ್ತದೆ.

ತೊಳೆದ ನೀರನ್ನು ಚರಂಡಿಗೆ, ಕೆರೆಗೆ ಬಿಡಬೇಡಿ. ಬಕೆಟಿನಲ್ಲಿ ಗಷ್ಟು ತಳ ಸೇರಲು ಬಿಡಿ. ಮೇಲಿನ ತಿಳಿ ಮುಂದಿನ ಮೊದಲ ತೊಳೆತಕ್ಕೆ ಬರುತ್ತದೆ, ಗಷ್ಟು ಒಣಗಿಸಿ ಕಸಕ್ಕೆ ಹಾಕಿ.

ಹಾಸನ ಪೇಂಟ್ ವರ್ಕ್ಸ್

ಎಲ್ಲರಿಗೂ ಧನ್ಯವಾದ. ಗನ್ನಿನ ಹಿಡಿಯಲ್ಲಿ 100 ಮೆಶ್ ಇತ್ತು, 60 ಹಾಕಿದೆ. ಟಿಪ್ 519, ಅಳೆದರೆ ಏಳು ಇಂಚೂ ಬರಲಿಲ್ಲ. ಹೊಸ 517 ಹಾಕಿದ ಮೇಲೆ ಪಟ್ಟೆ ಹೋಯಿತು, ಅರ್ಧ ಪ್ರೆಷರಿನಲ್ಲೇ ಗೋಡೆ ಒಂದೇ ಸಮ ಬರುತ್ತಿದೆ. ನೋಡಿ ಮನಸ್ಸು ತುಂಬಿತು.

ಇನ್ನೊಂದೇ ಉಳಿದಿದೆ. ಟ್ರಿಗರ್ ಬಿಟ್ಟಾಗ ಪಂಪ್ ನಿಲ್ಲಬೇಕಲ್ವಾ? ನಿಲ್ಲುವುದಿಲ್ಲ, ಸ್ವಲ್ಪ ಹೊತ್ತಿಗೊಮ್ಮೆ ತಾನಾಗೇ ಆಡುತ್ತದೆ. ಪಿಸ್ಟನ್ ರಾಡಿನ ಸುತ್ತ ಬಣ್ಣವೂ ಜಿನುಗುತ್ತಿದೆ.

ಪೀಣ್ಯ ಫಿಟ್ಟರ್

ಮೊದಲು ಪ್ರೈಮ್ ವಾಲ್ವ್ ನೋಡಿ. ಸ್ಪ್ರೇ ಮೋಡಿನಲ್ಲಿದ್ದಾಗಲೂ ವಾಪಸ್ ಪೈಪಿನಿಂದ ಹನಿ ಬೀಳುತ್ತಿದ್ದರೆ ಪ್ರೆಷರ್ ಅಲ್ಲೇ ಸೋರುತ್ತಿದೆ. ಗನ್ನಿನಿಂದ, ಹೋಸ್ ಜಾಯಿಂಟಿನಿಂದ ಸೋರಿಕೆ ಇದೆಯಾ ನೋಡಿ, ಕೈಯಿಟ್ಟಲ್ಲ, ರಟ್ಟು ಹಿಡಿದು. ಅಲ್ಲೆಲ್ಲೂ ಇಲ್ಲದಿದ್ದರೆ ಮುಚ್ಚಳ ತೆಗೆದು, ಕೈ ದೂರ ಇಟ್ಟು, ಪಿಸ್ಟನ್ ರಾಡನ್ನೇ ಗಮನಿಸಿ. ಟ್ರಿಗರ್ ಬಿಟ್ಟ ಮೇಲೆ ರಾಡ್ ಕೆಳಮುಖವಾಗಿ ಜಾರುತ್ತಿದ್ದರೆ ತಳದ ಗುಂಡು ಸರಿಯಾಗಿ ಕೂರುತ್ತಿಲ್ಲ, ಸೀಟಿನಲ್ಲಿ ಕಸ ಅಥವಾ ಸವೆತ. ಮೇಲ್ಮುಖವಾಗಿ ಜಾರುತ್ತಿದ್ದರೆ ಪಿಸ್ಟನ್ನಿನ ಗುಂಡು ಅಥವಾ ಪಿಸ್ಟನ್ ಪ್ಯಾಕಿಂಗ್. ಪಂಪ್ ಬಿಚ್ಚುವ ಮುಂಚೆಯೇ ಯಾವ ಕಡೆ ತೊಂದರೆ ಅಂತ ಪಂಪೇ ಹೇಳುತ್ತದೆ.

ರಾಡಿನ ಸುತ್ತ ಜಿನುಗುವುದು ಮೇಲಿನ ಥ್ರೋಟ್ ಪ್ಯಾಕಿಂಗ್. ಅಲ್ಲಿ ಬಟ್ಟಲಿನಂಥ ಒಂದು ನಟ್ ಇದೆ. ಅದನ್ನು ಪ್ರೆಷರ್ ಇಳಿಸಿ ಸ್ವಲ್ಪ ಬಿಗಿ ಮಾಡಿ, ಸೋರಿಕೆ ನಿಂತಲ್ಲಿ ನಿಲ್ಲಿಸಿ, ಜಾಸ್ತಿ ಬಿಗಿದರೆ ರಾಡ್ ಗೀರಿಕೊಳ್ಳುತ್ತದೆ. ಆ ಬಟ್ಟಲಿಗೆ ಕೆಲಸಕ್ಕೆ ಮುಂಚೆ ದಿನಾ ಥ್ರೋಟ್ ಸೀಲ್ ಎಣ್ಣೆ ಕೆಲವು ಹನಿ ಬಿಡಬೇಕು, ರಾಡಿಗೆ ಅಂಟಿದ ಬಣ್ಣ ಅಲ್ಲೇ ಒಣಗದಂತೆ ಅದು ತಡೆಯುತ್ತದೆ. ಬಿಗಿದರೂ ಜಿನುಗಿದರೆ ಪ್ಯಾಕಿಂಗ್ ಕಿಟ್ ತಗೊಳ್ಳಿ. ಈಗ ಪಂಪ್ ಬಿಚ್ಚಬಹುದು.

ಹಾಸನ ಪೇಂಟ್ ವರ್ಕ್ಸ್

ರಾಡ್ ಮೇಲಕ್ಕೆ ಜಾರುತ್ತಿದೆ. ಬಿಗಿದರೂ ಜಿನುಗು ನಿಲ್ಲಲಿಲ್ಲ, ಕಿಟ್ ತರಿಸಿದೆ. ಬಂದ ಕಿಟ್ಟಿನಲ್ಲಿ ಚರ್ಮದ ರಿಂಗು, ಬಿಳಿ ಪ್ಲಾಸ್ಟಿಕ್ ರಿಂಗು ಎಲ್ಲಾ "ವಿ" ಆಕಾರದವು. ಯಾವುದು ಯಾವ ಕಡೆ ಮುಖ ಮಾಡಬೇಕು? ಹಳೆಯವು ಬಿಚ್ಚುವಾಗ ಪುಡಿಯಾಗಿ ಬಂದವು, ನೋಡಿ ತಿಳಿಯಲು ಏನೂ ಉಳಿದಿಲ್ಲ.

ಪೀಣ್ಯ ಫಿಟ್ಟರ್

ಕಿಟ್ಟಿನಲ್ಲಿ ಚಿತ್ರ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಹೀಗೆ ನೆನಪಿಡಿ: "ವಿ"ಯ ತೆರೆದ ಬಾಯಿ ಪ್ರೆಷರ್ ಇರುವ ಕಡೆ ನೋಡಬೇಕು. ಪ್ರೆಷರ್ ಬಾಯೊಳಗೆ ನುಗ್ಗಿ ತುಟಿಗಳನ್ನು ಅಗಲಿಸಿ ಗೋಡೆಗೆ ಒತ್ತುತ್ತದೆ, ಆಗಲೇ ಸೀಲ್. ನಿಮ್ಮ ಪಂಪಿನಲ್ಲಿ ಪ್ರೆಷರ್ ಇರುವುದು ಪಿಸ್ಟನ್ನಿಗೂ ಥ್ರೋಟಿಗೂ ನಡುವಿನ ಜಾಗದಲ್ಲಿ. ಹಾಗಾಗಿ ಮೇಲಿನ ಥ್ರೋಟ್ ರಿಂಗುಗಳ ಬಾಯಿ ಕೆಳಗೆ, ಪಿಸ್ಟನ್ ರಿಂಗುಗಳ ಬಾಯಿ ಮೇಲೆ. ಉಲ್ಟಾ ಹಾಕಿದರೆ ಹೊಸ ಕಿಟ್ಟೂ ಮೊದಲ ದಿನವೇ ಸೋರುತ್ತದೆ. ಚರ್ಮ, ಪ್ಲಾಸ್ಟಿಕ್ ಒಂದು ಬಿಟ್ಟು ಒಂದು ಬರಬೇಕು. ಚರ್ಮದವನ್ನು ಹಾಕುವ ಮುಂಚೆ 30 ನಂಬರ್ ಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ. ರಾಡಿನ ಮೇಲೆ ಉಗುರು ಓಡಿಸಿ ನೋಡಿ, ಉಗುರಿಗೆ ಸಿಕ್ಕುವ ಗೀರು ಇದ್ದರೆ ರಾಡನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಅದು ಹೊಸ ರಿಂಗನ್ನೂ ಕತ್ತರಿಸುತ್ತದೆ.

ಜೋಡಿಸಿದ ಮೇಲೆ ನೇರ ಬಣ್ಣಕ್ಕೆ ಹೋಗಬೇಡಿ. ನೀರಿನಲ್ಲಿ ಕಮ್ಮಿ ಪ್ರೆಷರಿನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಟ್ರಿಗರ್ ಬಿಟ್ಟು ರಾಡ್ ನೋಡಿ. ನಿಂತಲ್ಲೇ ನಿಂತಿದ್ದರೆ ನಿಧಾನಕ್ಕೆ ಏರಿಸಿ.

ಹಾಸನ ಪೇಂಟ್ ವರ್ಕ್ಸ್

ರಾಡ್ ನಿಂತಿದೆ. ಪೂರ್ತಿ ಪ್ರೆಷರಿಗೆ ಏರಿಸಿದರೂ ಒಂದು ಹನಿ ಜಿನುಗಿಲ್ಲ. ನಾಳೆ ಬೆಳಿಗ್ಗೆ ಪ್ರೈಮರ್ ಶುರು ಮಾಡುತ್ತೇವೆ. ಹುಬ್ಬಳ್ಳಿಯವರು ಬರೆದ ಪ್ರೆಷರ್ ಇಳಿಸುವ ಕ್ರಮವನ್ನು ಮಷಿನ್ನಿನ ಮೇಲೆಯೇ ಮಾರ್ಕರ್‌ನಲ್ಲಿ ಬರೆಸಿದ್ದೇನೆ, ಹುಡುಗರಿಗೆಲ್ಲ ಕಾಣುವ ಹಾಗೆ.